ಕಪ್ಪು ದಾರ

ಉಗುರಿನ ಸಂದಿಯ ಮೇಣ ಬಿಡುತ್ತಲೇ ಇರಲಿಲ್ಲ. ಮಗಳು ಬಿಸಿನೀರಲ್ಲಿ ಬಟ್ಟೆ ಅದ್ದಿ, ಅಮ್ಮನ ಹೆಬ್ಬೆರಳಿಗೆ ಸುತ್ತಿ, ಅದು ಆರುವ ತನಕ ಹಿಡಿದುಕೊಂಡು, ಬಿಚ್ಚಿ, ಹೇರ್‌ಪಿನ್ನಿನ ತುದಿಯಿಂದ ಮೆಲ್ಲಗೆ ಕೆರೆದಳು. ನುಚ್ಚಕ್ಕಿಯಷ್ಟು ಒಂದು ಬಿಳಿ ಚೂರು ಬಂತು. ಇನ್ನೂ ಒಂಬತ್ತು ಬೆರಳಿದ್ದವು.

"ಬಿಟ್ಟುಬಿಡೇ," ಎಂದಳು ಚಿಕ್ಕಮ್ಮ. ಅಕ್ಕನ ಕಾಲ ಬಳಿ ಕೂತು, ಮೈಗೆ ಹೊದಿಸುವ ಬಿಳಿ ಬಟ್ಟೆಯ ಅಂಚು ಮಡಿಚುತ್ತಿದ್ದಳು. "ನಲವತ್ತು ವರ್ಷದ ಮೇಣ ಅದು. ನಿನ್ನ ಒಂದು ಪಿನ್ನಿಗೆ ಜಗ್ಗುತ್ತಾ?"

"ಕೆಲಸ ಮುಗಿಸಿ ಎದ್ದೋಳ ಕೈ ಚೊಕ್ಕ ಇರ್ಬೇಕು ಅಂತ ಅಮ್ಮನೇ ಹೇಳ್ತಿದ್ಲು."

"ಕೆಲಸ ಮುಗೀತು ಅಂತ ನಿನಗ್ಯಾರು ಹೇಳಿದ್ದು?" ಬಾಗಿಲ ಬಳಿಯ ಮೋಡದಂಥ ಹತ್ತಿಯ ಮೂಟೆಗೆ ಒರಗಿ ಕೂತಿದ್ದ ನೂಲಜ್ಜಿ ಕೇಳಿದಳು. ಮೇಣದಬತ್ತಿಯ ಒಳಗಿನ ನೂಲು ಹೊಸೆದು ಕೊಡುವವಳು. ಕಣ್ಣು ಎಂದೋ ಹೋಗಿತ್ತು, ಬಾಯಿ ಮಾತ್ರ ಎಲ್ಲಿಗೂ ಹೋಗಿರಲಿಲ್ಲ. "ನನ್ನ ಹತ್ರ ಮೊನ್ನೆ ಮೊನ್ನೆ ತಾನೇ ನೂಲು ತಗೊಂಡಿದ್ಲು. ನನಗಿಂತ ಹತ್ತು ವರ್ಷ ಚಿಕ್ಕೋಳು. ಸರದಿ ತಪ್ಪಿಸಿ ನುಗ್ಗೋದು ಅವಳಿಗೆ ಹುಟ್ಟುಗುಣ."

ಗುಡ್ಡದಾಚೆ ತೋಪು ಗುಡುಗಿತು. ಕಿಟಕಿಯ ಗಾಜು ಜುಂ ಎಂದಿತು. ಮೂವರಲ್ಲಿ ಯಾರೂ ತಲೆ ಎತ್ತಲಿಲ್ಲ. ಮೂರು ವರ್ಷದಲ್ಲಿ ಆ ಸದ್ದು ಪಕ್ಕದ ಮನೆಯವರ ಕೆಮ್ಮಿನಷ್ಟು ಹಳತಾಗಿ ಹೋಗಿತ್ತು.

ಆಗ ಬಾಗಿಲಲ್ಲಿ ಗುಮಾಸ್ತ ಕಾಣಿಸಿಕೊಂಡ. ಗುಡ್ಡದ ಸಮಿತಿಯ ಗುಮಾಸ್ತ. ಸಮಿತಿಯ ಯಜಮಾನರ ನೆರಳು ಯಾವ ಕಡೆ ಬೀಳುತ್ತದೋ ಆ ಕಡೆ ಇರುವವನು. ಒಳಗೆ ಬರಲಿಲ್ಲ. ಹೊಸ್ತಿಲಾಚೆಯೇ ನಿಂತು ಟೋಪಿ ತೆಗೆದು ಎದೆಗೆ ಹಿಡಿದ.

"ಯಜಮಾನರು ಮೂರು ಗಂಟೆಗೆ ಸ್ಮಶಾನಕ್ಕೆ ಬರ್ತಾರಂತೆ. ಪತ್ರಿಕೆಯವರೂ ಜೊತೆಗಿರ್ತಾರೆ. 'ಶಾಂತಿಯ ತಾಯಿ' ಅಂತ ಎರಡು ಮಾತಾಡ್ತಾರೆ. ಸಮಾಧಿಯ ತಲೆದಿಕ್ಕಿನ ಬತ್ತಿ ಯಾರು ಹಚ್ಚೋದು ಅಂತ ಕೇಳ್ಕೊಂಡು ಬಾ ಅಂದ್ರು."

"ಅವರು ಬರೋದೇ ಬೇಡ ಅಂತ ಹೇಳು," ಎಂದಳು ಮಗಳು, ಅಮ್ಮನ ಬೆರಳಿಂದ ಕಣ್ಣು ಕೀಳದೆ.

ಚಿಕ್ಕಮ್ಮನ ಸೂಜಿ ನಿಂತಿತು. "ಲೇ, ಬಾಯಿಗೆ ಬಂದಿದ್ದು ಆಡ್ಬೇಡ. ನೀವು ಹೊರಡಿಯಪ್ಪ. ಬರಲಿ ಅಂತ ಹೇಳಿ, ನಮ್ಮ ಪುಣ್ಯ ಅಂತ ಹೇಳಿ. ದುಃಖದಲ್ಲಿದೆ ಕೂಸು."

ಗುಮಾಸ್ತನ ಹೆಜ್ಜೆ ದೂರವಾಯಿತು.

"ದುಃಖ ಅಲ್ಲ ಅದು," ಎಂದಳು ನೂಲಜ್ಜಿ ಸಾವಕಾಶವಾಗಿ. "ದುಃಖದ ದನಿ ಹಾಗಿರಲ್ಲ."

*

ಆ ಗುಡ್ಡದ ಮೇಲೆ ಮೂರು ಪ್ರಾರ್ಥನಾಲಯಗಳಿದ್ದವು, ಮೂರು ಮತದವರವು. ಮೂರಕ್ಕೂ ಗೋಡೆ ಬೇರೆ, ಗಂಟೆ ಬೇರೆ, ದೇವರ ಹೆಸರೂ ಬೇರೆ. ಮೇಣದಬತ್ತಿ ಮಾತ್ರ ಗುಡ್ಡದ ಬುಡದ ಒಂದೇ ಮನೆಯದು. ಮೂರೂ ಕಡೆ ಉರಿದು ಉಳಿದ ತುಂಡುಗಳನ್ನು ಅಮ್ಮ ಗೋಣಿಯಲ್ಲಿ ಹೊತ್ತು ತಂದು, ಒಂದೇ ಕಡಾಯಿಗೆ ಸುರಿದು ಕರಗಿಸುತ್ತಿದ್ದಳು. "ಮೇಲಿರೋ ಮೂವರು ಜಗಳ ಆಡ್ಕೊಂಡ್ರೂ ಇಲ್ಲಿಗೆ ಬಂದು ಒಂದಾಗ್ಲೇಬೇಕು," ಎಂದು ನಗುತ್ತಿದ್ದಳು. ಅದು ಅವಳು ನಗುತ್ತಿದ್ದ ಕಾಲ. ಊರವರು ಅವಳನ್ನು ಮೇಣದಮ್ಮ ಅನ್ನುತ್ತಿದ್ದರು.

ಅವಳ ಬತ್ತಿಯ ಒಳಗೆ ಹೆಸರಿರುತ್ತಿತ್ತು. ಬಂದವರು ಹೇಳಿದ ಹೆಸರನ್ನು ಕಿರುಬೆರಳಗಲದ ಚೀಟಿಯಲ್ಲಿ ಬರೆದು, ಚೀಟಿಯನ್ನು ನೂಲಿಗೆ ಸುತ್ತಿ, ದಾರದಿಂದ ಕಟ್ಟಿ, ಅಚ್ಚಿನಲ್ಲಿಳಿಸಿ ಮೇಣ ಹೊಯ್ಯುವುದು. ಬದುಕಿರುವವರ ಹೆಸರಿಗೆ ಬಿಳಿ ದಾರ, ಹೋದವರ ಹೆಸರಿಗೆ ಕಪ್ಪು. ಯಾವುದು ಯಾವುದೆಂದು ತಿಳಿಯಲಿ ಎಂದು ದಾರದ ತುದಿ ಬತ್ತಿಯ ಬುಡದಲ್ಲಿ ಒಂದಿಷ್ಟು ಹೊರಗೆ ಕಾಣುವಂತೆ ಬಿಡುವುದು. ಅಷ್ಟೇ ಆ ಕಸುಬಿನ ಗುಟ್ಟು.

ಅಮ್ಮನ ತಾಯಿ, ಅಜ್ಜಿ, ಬದುಕಿದ್ದಾಗ ಕಡಾಯಿಯ ಮುಂದೆ ಕೂತು ಒಂದು ಕತೆ ಹೇಳುತ್ತಿದ್ದಳು. ಒಬ್ಬ ರಾಜನಿದ್ದ. ಎಲ್ಲರ ಹೆಸರಿಗೂ ಕಪ್ಪು ದಾರ ಕಟ್ಟಿಸುತ್ತಿದ್ದ. ಒಂದು ದಿನ ಬತ್ತಿ ಮಾಡುವವಳು ಅವನದೇ ಹೆಸರು ಬರೆದು, ಕಪ್ಪು ಕಟ್ಟಿ, ಅವನ ಕೈಗೇ ಕೊಟ್ಟಳು. ಬೇರೆಯವರು ಹಚ್ಚಿದ್ದರೆ ಬರೀ ಬೆಳಕು. ರಾಜ ತನ್ನ ಕೈಯಾರೆ ಹಚ್ಚಿಬಿಟ್ಟ. ಆಗ ಅವಳು ಹೇಳಿದಳು: ಇದು ಉರಿಯುವಷ್ಟು ಹೊತ್ತು ನೀನು. ರಾಜ ಸಿಂಹಾಸನ ಬಿಟ್ಟ, ಊಟ ಬಿಟ್ಟ, ಎರಡು ಕೈ ಅಡ್ಡ ಹಿಡಿದು ಗಾಳಿ ಕಾಯುತ್ತ ಕೂತ.

"ಆಮೇಲೆ ಅಜ್ಜಿ?"

"ಆಮೇಲೇನು, ಕಡಾಯಿ ಕದಡು, ತಳ ಹತ್ತುತ್ತೆ."

ಆ ಊರಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ಆ ಕತೆ ಗೊತ್ತು. ಆದರೆ ಅಜ್ಜಿ ಇನ್ನೊಂದು ಮಾತೂ ಸೇರಿಸುತ್ತಿದ್ದಳು, ಅದು ಮನೆಯವರಿಗೆ ಮಾತ್ರ: ಬದುಕಿರುವವರಿಗೆ ಕಪ್ಪು ಕಟ್ಟಿದರೆ ಕಟ್ಟಿದ ಕೈಯೂ ಸುಡುತ್ತದೆ. ಮಗಳು ಅಜ್ಜಿಯ ಕತೆಗಳನ್ನು ಉಂಡು ಬೆಳೆದವಳು. ಅವಳಿಗೆ ಅದು ಕತೆಯಲ್ಲ, ಒಲೆ ಸುಡುತ್ತದೆ ಎನ್ನುವಷ್ಟೇ ನಿಜ.

ಯುದ್ಧ ಶುರುವಾದ ವರ್ಷ ಒಂದು ಪಟ್ಟಿ ಬಂತು. ಗುಡ್ಡದ ಸೇವೆಯಲ್ಲಿರುವ ಇಪ್ಪತ್ತು ಜನರಿಗೆ ಸೇನೆಯ ಕರೆಯಿಲ್ಲ. ಹದಿನಾಲ್ಕನೆಯ ಹೆಸರು ಮಗಳ ಅಣ್ಣನದು. ಮೂರೂ ಕಡೆಗೆ ಬತ್ತಿ ಹೊರುವವನು ಅವನೇ. ಯಜಮಾನರು ಒಂದು ಮಧ್ಯಾಹ್ನ ಆ ಹೆಸರಿನ ಮೇಲೆ ಗೆರೆ ಎಳೆದು, ತಮ್ಮ ತಂಗಿಯ ಮಗನ ಹೆಸರು ಬರೆದರು. ಆ ಹುಡುಗ ಅದುವರೆಗೆ ಗುಡ್ಡ ಹತ್ತಿದ್ದು ಗಾಳಿಪಟ ಹಾರಿಸಲು ಮಾತ್ರ. ಅಮ್ಮ ಕಾಲಿಗೆ ಬಿದ್ದಳು. "ದೇವರ ಪಟ್ಟಿಯಲ್ಲಿ ಇದ್ದೇ ಇರ್ತಾನೆ ತಾಯಿ, ನನ್ನ ಪಟ್ಟಿ ಯಾವ ಲೆಕ್ಕ," ಎಂದು ಯಜಮಾನರು ಎಬ್ಬಿಸಿದರು. ನಾಲ್ಕು ತಿಂಗಳಿಗೆ ಅಣ್ಣ ಒಂದು ಲಕೋಟೆಯಾಗಿ ಬಂದ.

ಅಮ್ಮ ಅಳಲಿಲ್ಲ. ಅವನ ಹೆಸರಿಗೆ ಕಪ್ಪು ಕಟ್ಟಿ ಹಚ್ಚಿದಳು. ಮರುದಿನ ಎಂದಿನಂತೆ ಗುಮಾಸ್ತ ಬಂದು ಯಜಮಾನರ ಹೆಸರಿಗೆ ತಿಂಗಳ ಬತ್ತಿ ಹೇಳಿಹೋದ. ಬಿಳಿ ದಾರದ್ದು, ಗೇಣುದ್ದದ್ದು, ಆಯುಷ್ಯಕ್ಕೆ. ಯಜಮಾನರಿಗೆ ಅದರ ಮೇಲೆ ಭಾರಿ ನಂಬಿಕೆ. ಒಂದು ತಿಂಗಳು ತಪ್ಪಿದರೆ ನೆಗಡಿಯಾಗುತ್ತದೆ ಎನ್ನುವವರು.

ಅವನು ಹೋದ ಮೇಲೆ ಅಮ್ಮ ಹೇಳಿದಳು, "ಇದಕ್ಕೆ ಕಪ್ಪೇ ಕಣೇ. ಹೊರಗೆ ಕಾಣೋ ತುದಿ ಮಾತ್ರ ಬಿಳಿ ಅಂಟಿಸಿದ್ರಾಯ್ತು."

ಮೂರು ವರ್ಷ ಪ್ರತಿ ತಿಂಗಳೂ ಅದೇ ಮಾತು. ಹಗಲೆಲ್ಲ ಶಾಂತಿಗಾಗಿ ಬತ್ತಿ ಹೊಯ್ದ ಕೈ ಸಂಜೆಗೆ ಆ ಒಂದನ್ನು ಹಲ್ಲು ಕಚ್ಚಿಕೊಂಡು ಹೊಯ್ಯುತ್ತಿತ್ತು. ಮೊದಲ ವರ್ಷ ದಾರವನ್ನು ಅಮ್ಮನೇ ಆರಿಸಿಕೊಂಡಳು. ಆಮೇಲೆ ಅವಳ ಕಣ್ಣಿಗೆ ಪೊರೆ ಬಂತು. ದಾರ ಎತ್ತಿ ಕೊಡುವ ಕೆಲಸ ಮಗಳದಾಯಿತು. ಅಮ್ಮನ ಕೈ ಸುಡಬಾರದು ಎಂದು ಮಗಳು, "ತಗೋ ಅಮ್ಮ, ಕಪ್ಪು," ಎನ್ನುತ್ತ ಬಿಳಿ ದಾರವನ್ನೇ ಅಂಗೈಗಿಟ್ಟಳು. ಅಮ್ಮ ಅದನ್ನು ಬೆರಳಲ್ಲಿ ಒಮ್ಮೆ ಹೊಸೆದು, "ಹೂಂ," ಎಂದು ಬೆನ್ನು ತಿರುಗಿಸಿ ಕಟ್ಟುತ್ತಿದ್ದಳು.

ಆ ಒಂದು ಸುಳ್ಳನ್ನು ಮಗಳು ಮೊನ್ನೆಯ ತನಕ ಪುಣ್ಯವೆಂದೇ ತಿಳಿದಿದ್ದಳು.

*

ಮೊನ್ನೆ, ಹಬ್ಬದ ನಾಲ್ಕನೆಯ ದಿನ. ಈ ಸಲ ಮೂರೂ ಮತದವರ ಹಬ್ಬ ಒಂದೇ ವಾರಕ್ಕೆ ಬಿದ್ದಿತ್ತು. ಯಾರಿಗೂ ಹಬ್ಬದ ಮುಖವಿರಲಿಲ್ಲ. ಯಜಮಾನರು ಮೂರು ಕಡೆಯವರನ್ನೂ ಸೇರಿಸಿ ಚೌಕದಲ್ಲಿ ಮಹಾ ಶಾಂತಿ ಪ್ರಾರ್ಥನೆ ಇಟ್ಟುಕೊಂಡರು. ದೂರದಿಂದ ದೊಡ್ಡವರು ಬರುವವರಿದ್ದರು. ನಾಲ್ಕು ಸಾವಿರ ಬತ್ತಿ ಬೇಕು ಎಂದರು. ಅಮ್ಮ ಹನ್ನೊಂದು ದಿನ ಒಲೆ ಬಿಟ್ಟು ಏಳಲಿಲ್ಲ. ಕೊನೆಯ ಪೆಟ್ಟಿಗೆ ಕಟ್ಟಿ ಕಳಿಸಿ, "ಎದೆ ಮೇಲೆ ಯಾರೋ ಕೂತ ಹಾಗಿದೆ ಕಣೇ," ಎಂದು ನೆಲಕ್ಕೆ ಕುಸಿದಳು.

ಆಂಬುಲೆನ್ಸ್ ಬೇಗನೆ ಬಂತು. ಚೌಕದ ಬಳಿ ಅಡ್ಡಗಟ್ಟೆ ಹಾಕಿದ್ದರು. ಆಸ್ಪತ್ರೆ ಚೌಕದ ಆಚೆ ಬದಿ, ಕೂಗಿದರೆ ಕೇಳುವಷ್ಟು ದೂರ. ಮಗಳು ಇಳಿದು ಓಡಿದಳು. ಅಡ್ಡಗಟ್ಟೆಯ ಬಳಿ ಬಿಳಿ ನಿಲುವಂಗಿಯಲ್ಲಿ ಯಜಮಾನರೇ ನಿಂತಿದ್ದರು, ಕೈಯಲ್ಲಿ ಅಮ್ಮನದೇ ಒಂದು ಬತ್ತಿ.

"ಅಮ್ಮಂಗೆ ಎದೆನೋವು. ದಾರಿ ಬಿಡಿಸಿ ಯಜಮಾನ್ರೇ, ಕೈ ಮುಗೀತೀನಿ."

"ಪ್ರಾರ್ಥನೆ ನಡುವಲ್ಲಿದೆ ತಾಯಿ. ಈಗ ಸೈರನ್ ಹಾಕ್ಕೊಂಡು ಗಾಡಿ ನುಗ್ಗಿದ್ರೆ ಜನ ದಾಳಿ ಅಂತ ಹೆದರ್ತಾರೆ. ಶಾಂತಿಗೋಸ್ಕರ ಇಪ್ಪತ್ತು ನಿಮಿಷ ಕಾಯಕ್ಕಾಗಲ್ವಾ?"

"ಸೈರನ್ ಬೇಡ! ಹಾಗೇ ತಳ್ಕೊಂಡು ಹೋಗ್ತೀವಿ!"

ಯಜಮಾನರು ಬೆರಳನ್ನು ತುಟಿಗಿಟ್ಟು ಶ್ ಎಂದರು. ಧ್ವನಿವರ್ಧಕದಲ್ಲಿ ಮೌನಾಚರಣೆ ಶುರುವಾಗಿತ್ತು.

ಅಮ್ಮ ಆ ಮೌನದಲ್ಲೇ ಹೋದಳು. ನಾಲ್ಕು ಸಾವಿರ ಬತ್ತಿಗಳ ಬೆಳಕು ಆಂಬುಲೆನ್ಸಿನ ಕಿಟಕಿಯಲ್ಲಿ ಆಡುತ್ತಿತ್ತು. ಮಗಳು ಅಮ್ಮನ ಕೈ ಹಿಡಿದು ಒಂದೇ ಮಾತು ಯೋಚಿಸುತ್ತಿದ್ದಳು: ಎರಡು ವರ್ಷ ಇವನ ಆಯುಷ್ಯಕ್ಕೆ ಬಿಳಿ ದಾರ ಕೊಟ್ಟು ಕಾಪಾಡಿದ್ದು ನಾನು. ನಾನೇ.

*

ಒಂಬತ್ತನೆಯ ಬೆರಳಿಗೆ ಬಂದಾಗ ಚಿಕ್ಕಮ್ಮ ಅಮ್ಮನ ಹಳೆಯ ಅಂಗಿ ಕೊಡವಿದಳು. ಒಳಜೇಬಿನಿಂದ ಏನೋ ಉದುರಿತು. ಬಿಳಿ ದಾರದ ತುಂಡುಗಳು, ಒಂದೊಂದೂ ಗೇಣುದ್ದ, ಒಟ್ಟಿಗೆ ಸುತ್ತಿ ಗಂಟು ಹಾಕಿದ್ದವು.

"ಇದ್ಯಾಕೆ ಇವನ್ನ ಜೇಬಲ್ಲಿ ಇಟ್ಕೊಂಡಿದ್ಲು?" ಚಿಕ್ಕಮ್ಮ ಮೂಗಿನ ಬಳಿ ಹಿಡಿದು ನೋಡಿದಳು. "ಹುಚ್ಚು ಹೆಂಗಸು."

ಮಗಳ ಕೈಯಿಂದ ಪಿನ್ನು ಬಿತ್ತು. ಗಂಟು ಬಿಚ್ಚಿದಳು. ಆ ತುಂಡುಗಳ ಗುರುತು ಅವಳಿಗಿತ್ತು. ತಾನೇ ಕತ್ತರಿಸಿ, ತಾನೇ ಅಮ್ಮನ ಅಂಗೈಗಿಟ್ಟವು. ತಿಂಗಳಿಗೊಂದು. ಒಂದನ್ನೂ ಕಟ್ಟಿರಲಿಲ್ಲ.

"ಅಜ್ಜಿ," ಎಂದಳು. "ಕಣ್ಣು ಕಾಣದೋರಿಗೆ ದಾರದ ಬಣ್ಣ ಗೊತ್ತಾಗುತ್ತಾ?"

ನೂಲಜ್ಜಿ ಪಕಪಕನೆ ನಕ್ಕಳು. ಸಾವಿನ ಮನೆಯೆಂದು ನೆನಪಾಗಿ ಬಾಯಿಗೆ ಸೆರಗು ಅಡ್ಡ ಹಿಡಿದಳು. "ನನ್ನನ್ನ ಕೇಳ್ತೀಯಲ್ಲೇ! ಬಣ್ಣ ಕುಡಿದ ದಾರ ಒರಟು, ಕುಡೀದಿರೋದು ಮೆದು. ಕುರುಡಿ ನಾನು ಕಪ್ಪು ಬಿಳಿ ಬೇರೆ ಮಾಡಿ ಮಾರ್ತೀನಿ. ನಲವತ್ತು ವರ್ಷ ದಾರ ಕಟ್ಟಿದೋಳಿಗೆ ಗೊತ್ತಾಗಲ್ವಾ? ತಿಂಗಳಿಗೊಂದು ಮೊಳ ಕಪ್ಪು ನನ್ನ ಹತ್ರ ಬೇರೆ ತಗೊಂಡು ಹೋಗೋಳು. 'ಮಗಳಿಗೆ ಹೇಳ್ಬೇಡ, ಅವಳದು ಹೂವಿನಂಥ ಮನಸ್ಸು, ಬಿಳಿ ಕೊಟ್ಟು ಖುಷಿ ಪಡ್ತಾಳೆ, ಪಡಲಿ' ಅನ್ನೋಳು."

"ಮತ್ತೆ ಅಷ್ಟೂ ಕಪ್ಪು ಕಟ್ಟಿದ್ರೂ ಆ ಮನುಷ್ಯಂಗೆ ನೆಗಡೀನೂ ಆಗ್ಲಿಲ್ವಲ್ಲ!" ಎಂದಳು ಮಗಳು.

"ಯಾರು ಹಚ್ಚಿದ್ರು ಅವನ್ನ?" ನೂಲಜ್ಜಿಯ ನಗು ನಿಂತಿತು. "ಗುಮಾಸ್ತ. ದೊಡ್ಡ ಮನುಷ್ಯರು ಕಡ್ಡಿ ಗೀರ್ತಾರಾ? ನಿನ್ನ ಅಮ್ಮ ಅದಕ್ಕೇ ಕಾಯ್ತಿದ್ದಿದ್ದು. ಒಂದು ಸಲ, ಒಂದೇ ಸಲ, ಅವನ ಕೈಯಿಂದ."

ಚಿಕ್ಕಮ್ಮ ಅಂಗಿ ಕೆಳಗಿಟ್ಟಳು. "ಏನು ಮಾತಾಡ್ತಿದೀರಿ ನೀವಿಬ್ರು? ಅಕ್ಕ ಶಾಂತಿಗೆ ಪ್ರಾರ್ಥನೆ ಮಾಡಿದೋಳು. ಊರೆಲ್ಲ ಹೇಳುತ್ತೆ."

"ಮಾಡ್ತಿದ್ಲು ಚಿಕ್ಕಮ್ಮ," ಎಂದಳು ಮಗಳು. "ಊರಿಗೆ ಶಾಂತಿ ಕೇಳ್ತಿದ್ಲು. ಅವನಿಗೆ ಮಾತ್ರ ಬೇಡ ಅಂತಿದ್ಲು."

ಎದ್ದಳು. ಹತ್ತನೆಯ ಬೆರಳು ಹಾಗೇ ಉಳಿಯಿತು. ಒಲೆ ಹೊತ್ತಿಸಿದಳು. ಚೌಕದಿಂದ ನಿನ್ನೆ ವಾಪಸು ಬಂದ ಗೋಣಿ ಮೂಲೆಯಲ್ಲಿತ್ತು, ಶಾಂತಿ ಪ್ರಾರ್ಥನೆಯಲ್ಲಿ ಉಳಿದ ತುಂಡುಗಳು. ಅದರಿಂದಲೇ ಎರಡು ಬೊಗಸೆ ಕಡಾಯಿಗೆ ಹಾಕಿದಳು. ಎರಡು ಚೀಟಿ ಬರೆದಳು. ಒಂದು ಅಮ್ಮನದು. ಇನ್ನೊಂದನ್ನು ಬರೆಯುವಾಗ ಅಕ್ಷರ ಒಂದಿಷ್ಟೂ ಅಲುಗಲಿಲ್ಲ.

"ಬೇಡ ಕಣೇ ಪುಟ್ಟೀ," ಚಿಕ್ಕಮ್ಮ ಹಿಂದಿನಿಂದ ತೋಳು ಹಿಡಿದಳು. "ಕೈ ಸುಡುತ್ತೆ ಅಂತ ನಮ್ಮಮ್ಮ ಹೇಳಿರ್ಲಿಲ್ವಾ?"

"ಹೇಳಿದ್ಲು."

ನೂಲಜ್ಜಿ ಸೊಂಟದ ಗಂಟಿನಿಂದ ಒಂದು ಮೊಳ ದಾರ ತೆಗೆದು ಗಾಳಿಯಲ್ಲಿ ಚಾಚಿದಳು. ಮಗಳು ಇಸಿದುಕೊಂಡು ಬೆರಳಲ್ಲಿ ಹೊಸೆದು ನೋಡಿದಳು. ಒರಟಾಗಿತ್ತು. ಎರಡು ಬತ್ತಿಗೂ ಅದನ್ನೇ ಕಟ್ಟಿದಳು. ಹೊಯ್ಯುವಾಗ ಒಂದು ಹನಿ ಹೆಬ್ಬೆರಳ ಮೇಲೆ ಬಿದ್ದು ಚುರ್ ಎಂದಿತು. ಅವಳು ಕೈ ಕೊಡವಲಿಲ್ಲ.

ಬತ್ತಿ ಗಟ್ಟಿಯಾಗುವಷ್ಟರಲ್ಲಿ ಬೀದಿ ಕೊನೆಗೆ ಹೋಗಿ ಗುಮಾಸ್ತನನ್ನು ಹುಡುಕಿದಳು. "ಬೆಳಿಗ್ಗೆ ತಪ್ಪು ಮಾತಾಡಿದೆ. ಯಜಮಾನರಿಗೆ ಹೇಳಿ, ತಲೆದಿಕ್ಕಿನ ಬತ್ತಿ ಅವರ ಕೈಯಿಂದಲೇ ಆಗ್ಬೇಕು. ಅಮ್ಮನ ಆಸೆ ಅದು."

ಸುಳ್ಳು ಹೇಳಿದ ಹಾಗನ್ನಿಸಲಿಲ್ಲ.

*

ಸ್ಮಶಾನ ಗುಡ್ಡದ ಬಿಸಿಲ ಮಗ್ಗುಲಲ್ಲಿತ್ತು. ಗಾಳಿಗೆ ಅಲ್ಲಿ ಹೇಳುವವರು ಕೇಳುವವರು ಇರಲಿಲ್ಲ. ಮೂರೂ ಮತದವರು ಬಂದಿದ್ದರು. ಬೇಕರಿಯವನು, ದರ್ಜಿ, ಹಾಲಿನವಳು, ಮಗನನ್ನು ಕಳೆದುಕೊಂಡ ತಾಯಂದಿರು, ಇನ್ನೂ ಕಳೆದುಕೊಳ್ಳದವರು. ಬೇಕರಿಯವನು ದರ್ಜಿಯ ಕಿವಿಯಲ್ಲಿ, "ಅವಳು ಬೈದ್ರೂ ಮೇಣದ ಹಾಗೆ ಮೆತ್ತಗೆ ಬೈಯೋಳು ಮಾರಾಯ," ಎಂದ.

"ನಿನಗೆ ಮೆತ್ತಗೆ ಬೈದಿರ್ಬೇಕು," ಎಂದ ದರ್ಜಿ. "ನನಗೆ ಸುಟ್ಟಿದೆ."

ಇಳಿಸುವ ಮುನ್ನ ಮಗಳು ಅಮ್ಮನ ಎರಡೂ ಕೈ ಜೋಡಿಸಿ ನಡುವೆ ಒಂದು ಬತ್ತಿ ಇಟ್ಟಳು. ಮಣ್ಣು ಬಿತ್ತು. ಮೊದಲು ಸದ್ದಾಯಿತು, ಆಮೇಲೆ ಸದ್ದಾಗಲಿಲ್ಲ.

ಯಜಮಾನರು ಮಾತಾಡಿದರು. ಶಾಂತಿಯ ತಾಯಿ ಎಂದರು. ಎದೆಯಲ್ಲಿ ಎಳ್ಳಷ್ಟೂ ದ್ವೇಷವಿಲ್ಲದ ಜೀವ ಎಂದರು. ಶಾಂತಿ ಪ್ರಾರ್ಥನೆಯ ಹೊತ್ತಿಗೇ ಪ್ರಾಣ ಬಿಟ್ಟದ್ದು ದೈವಸಂಕೇತ ಎಂದು ಕಣ್ಣಿಗೆ ಕರವಸ್ತ್ರ ಒತ್ತಿದರು. ಕ್ಯಾಮೆರಾಗಳು ಕ್ಲಿಕ್ ಎಂದವು. ನೂಲಜ್ಜಿ ಜೋರಾಗಿ ಸೀನಿದಳು.

ಮಗಳು ಎರಡನೆಯ ಬತ್ತಿಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಬಂದಳು. ಯಜಮಾನರು ಬುಡದ ಕಪ್ಪು ತುದಿಯನ್ನು ನೋಡಿ, ತಲೆಬಾಗಿ ತೆಗೆದುಕೊಂಡರು. ಗುಮಾಸ್ತ ಕಡ್ಡಿಪೆಟ್ಟಿಗೆ ತೆರೆಯಲು ಹೋದ.

"ಅವರೇ ಗೀರಲಿ," ಎಂದಳು ಮಗಳು.

ಯಜಮಾನರು ಮೊಣಕಾಲೂರಿ ಬತ್ತಿಯನ್ನು ಹಸಿ ಮಣ್ಣಲ್ಲಿ ನೆಟ್ಟರು. ಎರಡು ಕಡ್ಡಿ ಗಾಳಿಗೆ ಹೋದವು. ಮೂರನೆಯದಕ್ಕೆ ನೂಲು ಹತ್ತಿಕೊಂಡಿತು. ಜನ ಒಟ್ಟಿಗೆ ಉಸಿರು ಬಿಟ್ಟರು. ಆಗ ಮಗಳು ಪಕ್ಕದಲ್ಲೇ ಮೊಣಕಾಲೂರಿ, ಪ್ರಾರ್ಥಿಸುವವಳ ಹಾಗೆ ತಲೆ ತಗ್ಗಿಸಿ, ಅವರಿಗೊಬ್ಬರಿಗೇ ಕೇಳುವಂತೆ ಹೇಳಿದಳು.

"ಅಮ್ಮನ ಹೆಸರಿನ ಬತ್ತಿ ಅಮ್ಮನ ಕೈಯಲ್ಲೇ ಒಳಗೆ ಹೋಯ್ತು ಯಜಮಾನ್ರೇ."

"ಹಾಗಾದ್ರೆ ಇದು?"

"ನಿಮ್ದು."

ಯಜಮಾನರು ನಗಲು ನೋಡಿದರು. ತುಟಿ ಒಂದೇ ಕಡೆಗೆ ಎದ್ದಿತು.

"ಮೂರು ವರ್ಷದಿಂದ ನಿಮ್ಮನೇಲಿ ಉರಿದಿದ್ದೂ ಕಪ್ಪೇ. ಹೊರಗಿನ ತುದಿ ಮಾತ್ರ ಬಿಳಿ. ಅವನ್ನೆಲ್ಲ ಗುಮಾಸ್ತರು ಹಚ್ಚಿದ್ರು, ಅದಕ್ಕೇ ಬರೀ ಬೆಳಕಾಗಿ ಹೋಯ್ತು. ಇದು ನಿಮ್ಮ ಕೈಯಾರೆ." ಅವಳು ಎದ್ದಳು. "ನಮ್ಮಜ್ಜಿ ಕತೆ ನಿಮ್ಮಜ್ಜೀನೂ ಹೇಳಿರ್ತಾರೆ."

ಗುಡ್ಡದ ನೆತ್ತಿಯಿಂದ ಗಾಳಿ ಇಳಿಯಿತು. ಜ್ವಾಲೆ ಮಲಗಿತು, ನೀಲಿಯಾಯಿತು, ಇಲ್ಲವಾಗುವಷ್ಟು ಸಣ್ಣದಾಯಿತು. ಯಜಮಾನರ ಎರಡೂ ಕೈ ತಾವಾಗಿಯೇ ಮುಂದೆ ಹೋಗಿ ಅದಕ್ಕೆ ಬೊಗಸೆ ಕಟ್ಟಿದವು.

"ನೋಡಿ ಭಕ್ತಿ," ಎಂದಳು ಹಾಲಿನವಳು ಕಣ್ಣೊರೆಸಿಕೊಂಡು. ಕ್ಯಾಮೆರಾಗಳು ಮತ್ತೆ ಕ್ಲಿಕ್ ಎಂದವು.

ಜನ ಕರಗತೊಡಗಿದರು. ಗುಮಾಸ್ತ ಒಮ್ಮೆ ಕೆಮ್ಮಿದ, ಇನ್ನೊಮ್ಮೆ ಕೆಮ್ಮಿದ. "ಯಜಮಾನ್ರೇ, ದೊಡ್ಡವರು ಕಾಯ್ತಿದಾರೆ. ಕಾರು ಬಂದಿದೆ."

"ಗಾಳಿಗೆ ಅಡ್ಡ ನಿಲ್ಲು," ಎಂದರು ಯಜಮಾನರು. "ಆ ಕಡೆ ಅಲ್ಲ, ಈ ಕಡೆ. ಉಸಿರು ಬಿಡ್ಬೇಡ."

ಮಗಳು ನೂಲಜ್ಜಿಯ ಕೈ ಹಿಡಿದು ಇಳಿಜಾರು ಇಳಿದಳು. ಹೆಬ್ಬೆರಳ ಬೊಬ್ಬೆ ಉರಿಯುತ್ತಿತ್ತು. ಚಿಕ್ಕಮ್ಮ ಹಿಂದೆ ಹಿಂದೆ ಬಂದಳು. ತೋಪು ಗುಡುಗಿತು. ಮೂರು ಪ್ರಾರ್ಥನಾಲಯಗಳಲ್ಲೂ ಸಂಜೆಯ ಗಂಟೆ ಒಂದರ ಹಿಂದೆ ಒಂದು ಹೊಡೆದು, ಶಾಂತಿ ಪ್ರಾರ್ಥನೆಯ ದನಿ ಧ್ವನಿವರ್ಧಕದಲ್ಲಿ ತೇಲಿ ಬಂತು.

"ಏನು ಮಾಡ್ತಿದಾನೆ ನೋಡಿ ಹೇಳೇ," ಎಂದಳು ನೂಲಜ್ಜಿ. "ನನ್ನ ಕಣ್ಣಿಗೆ ಆ ಭಾಗ್ಯ ಇಲ್ಲ."

ಮಗಳು ತಿರುಗಿ ನಿಂತಳು. ಬಿಳಿ ನಿಲುವಂಗಿ ಮಣ್ಣಲ್ಲಿ ಹರಡಿತ್ತು. ಯಜಮಾನರು ಬೊಗಸೆಯನ್ನು ಇನ್ನಷ್ಟು ಹತ್ತಿರ ತಂದಿದ್ದರು. ಬತ್ತಿ ಗಾಳಿಗೆ ವಾಲಿ ಉರಿಯುತ್ತ ಅವರ ಬೆರಳ ಮೇಲೆ ಹನಿಸುತ್ತಿತ್ತು. ಅವರು ಕೈ ತೆಗೆಯುತ್ತಿರಲಿಲ್ಲ. ಮೇಣ ಬೆರಳಗುಂಟ ಇಳಿದು, ಉಗುರಿನ ಸಂದಿಗೆ ಸೇರಿ, ಬೆಳ್ಳಗೆ ಗಟ್ಟಿಯಾಗುತ್ತಿತ್ತು.